ಸರದಿ ಜ್ವರ

"ಮೂರನೇ ಸಲ ಕೇಳ್ತಿದ್ದೀನಮ್ಮ, ನಿಮ್ಮ ಎರಡೂ ಮನೆತನದಲ್ಲಿ ಯಾರಿಗೂ ಸರದಿ ಜ್ವರ ಇಲ್ವಾ?" ಡಾಕ್ಟರ್ ಮುಷೆಗ್ ಒಪ್ಪಿಗೆ ಪತ್ರವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು.

"ಇಲ್ಲ ಅಂದ್ನಲ್ಲ ಡಾಕ್ಟ್ರೇ. ನಮ್ಮ ಕಡೆ ಇಲ್ಲ, ಅತ್ತೆ ಕಡೆಯೂ ಇಲ್ಲ. ಅಲ್ವಾ ಅತ್ತೆ?" ಎಂದಳು ಗೋಹಾರ್.

ಅತ್ತೆ ಸಿರಾನುಷ್ ಬೆಂಚಿನಿಂದ ಎದ್ದಳು; ಎದ್ದದ್ದೇಕೆಂದು ತಿಳಿಯದೆ ಮತ್ತೆ ಕುಳಿತಳು. ಎದುರಿನ ಕೋಣೆಯ ಮಂಚದ ಮೇಲೆ ಆರು ವರ್ಷದ ಮೊಮ್ಮಗಳು ಅರ್ಪಿ ಮೊಣಕಾಲುಗಳನ್ನು ಎದೆಗೆ ಅವಚಿಕೊಂಡು ಮಲಗಿದ್ದಳು. ಬೆಳಗಿನಿಂದ ಮೈ ಕೆಂಡ, ಹೊಟ್ಟೆ ಹಲಗೆ.

"ಸರದಿ ಜ್ವರ ಆದ್ರೆ ಮೂರು ದಿನಕ್ಕೆ ತಾನಾಗೇ ಇಳಿಯುತ್ತೆ, ಆಮೇಲೆ ಮತ್ತೆ ಬರುತ್ತೆ, ಕತ್ತಿ ಬೇಡ," ಎಂದರು ಡಾಕ್ಟರು. "ಅಪೆಂಡಿಕ್ಸ್ ಆದ್ರೆ ಕಾಯೋ ಹಾಗಿಲ್ಲ. ಹೊರಗಿಂದ ನೋಡಿದ್ರೆ ಎರಡೂ ಅವಳಿ ಅಕ್ಕತಂಗಿಯರು. ಸ್ಕ್ಯಾನೂ ಸ್ಪಷ್ಟವಾಗಿಲ್ಲ. ಮನೆತನದಲ್ಲಿ ಇಲ್ಲ ಅಂತೀರಿ. ಹಾಗಾದ್ರೆ ಕುಯ್ಯೋದೇ."

ಸಿರಾನುಷಳ ಬೆರಳುಗಳು ಸ್ವೆಟರಿನ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ದಣಿಯುತ್ತಿದ್ದವು. ಒಂಬತ್ತು ವರ್ಷದ ಹಿಂದೆ ಮಗನಿಗೆ ಹೆಣ್ಣು ಕೇಳಲು ಹೋದ ದಿನ ಗೋಹಾರಳ ತಾಯಿ ಹೆಗಿನೆ ಇವರು ಒಯ್ದ ಕೊನ್ಯಾಕ್ ಬ್ರಾಂದಿಯ ಸೀಸೆಯ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಳು. ಹೆಣ್ಣಿನವರ ಕೈ ಸರಿದು ಸೀಸೆಯ ಬಿರಡೆ ತೆಗೆದರೆ ಸಂಬಂಧ ಗಟ್ಟಿಯಾದಂತೆ. "ಮನೆತನ ಚೊಕ್ಕ ತಾನೇ? ಜಡ್ಡುಗಿಡ್ಡು?" ಎಂದು ಆಕೆ ಕೇಳಿದಾಗ ಸಿರಾನುಷ್ ಆಣೆಯೆಂಬಂತೆ ರೊಟ್ಟಿ ಮುರಿದು, ಉಪ್ಪು ಮುಟ್ಟಿ, "ನಮ್ಮದೂ ನಿಮ್ಮ ಮನೆಯಷ್ಟೇ ಚೊಕ್ಕ" ಎಂದಿದ್ದಳು. ಸೀಸೆಯ ಬಾಯಿ ತೆರೆಯಿತು, ಅವಳ ಬಾಯಿ ಮುಚ್ಚಿತು. ಅವಳು ದಿನವೂ ನುಂಗುವ ಗುಳಿಗೆಗೆ ಅಂದಿನಿಂದ ತನ್ನ ಮನೆಯಲ್ಲಿ ಪಿತ್ತದ ಗುಳಿಗೆಯೆಂದೇ ಹೆಸರು.

"ನಿನ್ನ ನೋವು ನನಗಿರಲಿ" ಎನ್ನುವುದು ಆ ಸೀಮೆಯ ಜನರ ನಾಲಿಗೆಯ ಮೇಲೇ ಇರುವ ಮಾತು; ಹಾಲಿನವನಿಗೂ ಅದೇ, ಹಸುಗೂಸಿಗೂ ಅದೇ. ಇಂದು ಟ್ಯಾಕ್ಸಿಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ಸಿರಾನುಷ್ ಆ ಒಂದು ಮಾತು ಬಿಟ್ಟು ಬೇರೆಲ್ಲ ಆಡಿದ್ದಳು. ತನ್ನ ನೋವೇ ಮಗುವಿಗೆ ಹೋಗಿರುವಾಗ ಯಾವ ಮುಖದಿಂದ ಅದನ್ನು ಆಡುವುದು?

ಗೋಹಾರ್ ಡಾಕ್ಟರು ಕೊಟ್ಟ ಪತ್ರವನ್ನು ಗೋಡೆಗೆ ಒತ್ತಿ ಹಿಡಿದು, ದಾದಿಯ ಕೈಯಿಂದ ಪೆನ್ನು ತೆಗೆದುಕೊಂಡಳು.

"ತಡೆಯೇ."

ಸಿರಾನುಷ್ ಆಸ್ಪತ್ರೆಯ ಕಾರಿಡಾರಿನ ನಡುವೆ ನಿಂತು, ಬರುವವರು ಹೋಗುವವರು ಯಾರನ್ನೂ ಲೆಕ್ಕಿಸದೆ, ಸ್ವೆಟರನ್ನು ಪಕ್ಕೆಯವರೆಗೆ ಎತ್ತಿದಳು. ಕಿಬ್ಬೊಟ್ಟೆಯ ಬಲಕ್ಕೆ ಹಳೆಯ ಹೊಲಿಗೆಯ ಗುರುತು ಬಿಳಿಚಿಕೊಂಡು ಕಾಣುತ್ತಿತ್ತು.

"ಒಂಬತ್ತನೇ ವಯಸ್ಸಿಗೆ ಕುಯ್ದರು. ಒಳಗೆ ಏನೂ ಕೆಟ್ಟಿರ್ಲಿಲ್ಲವಂತೆ. ಮುಂದಿನ ತಿಂಗಳು ಮತ್ತೆ ಅದೇ ಜ್ವರ, ಅದೇ ನೋವು. ನಮ್ಮಪ್ಪನಿಗೂ ಇತ್ತು. ಮಗೂನ ಕುಯ್ಬೇಡಿ ಡಾಕ್ಟ್ರೇ."

ಗೋಹಾರ್ ಗುರುತನ್ನೇ ನೋಡುತ್ತಿದ್ದಳು. "ಹಾಗಾದ್ರೆ ಪಿತ್ತದ ಗುಳಿಗೆ?"

"ಪಿತ್ತದ್ದಲ್ಲ."

"ಒಂಬತ್ತು ವರ್ಷ ಒಂದೇ ಒಲೆ ಮುಂದೆ ನಿಂತಿದ್ದೀವಿ ಅತ್ತೆ! ಇವಳಿಗೆ ಇದು ಮೂರನೇ ಸಲ. ಎರಡು ಸಲವೂ ನೀವೇ ತಾನೇ ಅಂದಿದ್ದು, ಏಪ್ರಿಕಾಟ್ ಜಾಸ್ತಿ ತಿಂದ್ಲು ಅಂತ? ಮಗು ಬಾಯಿಂದ ಹಣ್ಣು ಕಿತ್ತುಕೊಂಡೆನಲ್ಲ ನಾನು!"

ಸಿರಾನುಷ್ ಸ್ವೆಟರನ್ನು ಇಳಿಸುವುದನ್ನೇ ಮರೆತಿದ್ದಳು. ದಾದಿಯೇ ಬಂದು ಇಳಿಸಿದಳು.

ಡಾಕ್ಟರ್ ಮುಷೆಗ್ ಗೋಹಾರಳ ಕೈಯಿಂದ ಪತ್ರವನ್ನು ತೆಗೆದುಕೊಂಡು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. "ಈ ಗ್ಯುಮ್ರಿ ಊರಲ್ಲಿ ಸುಮ್ಮಸುಮ್ಮನೆ ಕುಯ್ದ ಅಪೆಂಡಿಕ್ಸ್‌ಗಳನ್ನ ಸಾಲಾಗಿಟ್ಟರೆ ರೈಲ್ವೆ ಸ್ಟೇಷನ್ ಮುಟ್ಟುತ್ತೆ ಅಜ್ಜೀ. ಸದ್ಯ, ಬಾಯಿ ಬಿಟ್ರಿ. ಗಂಟೆಗೊಮ್ಮೆ ನೋಡ್ತಿರ್ತೀವಿ. ರಕ್ತ ಯೆರೆವಾನಿನ ಲ್ಯಾಬಿಗೆ ಹೋಗಲಿ, ವಂಶವಾಹಿ ಪರೀಕ್ಷೆ ಆಗಲಿ." ಹೊರಟವರು ಗೋಹಾರಳ ಮುಖ ನೋಡಿ ನಿಂತರು. "ಅತ್ತೇನ ಒಬ್ಬರನ್ನೇ ಬೈಬೇಡಮ್ಮ. ರೋಗಾಣು ಅನ್ನೋ ಕಳ್ಳನೇ ಬರದಿದ್ರೂ ಮೈಯ ಕಾವಲುಗಾರ ಎದ್ದು ಬೆಂಕಿ ಹಚ್ಚೋ ಕಾಯಿಲೆ ಇದು. ಹುಟ್ಟಿನಿಂದಲೇ ಬರೋದು, ಗುಳಿಗೆ ನುಂಗದೆ ಬಿಟ್ರೆ ಕೊನೆಗೆ ಕಿಡ್ನಿ ತಿನ್ನೋದು. ಸಾಮಾನ್ಯವಾಗಿ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಸೇರಿದ್ರೇ ಹೀಗೆ ಏಳೋದು. ಪಾಲು ಕೊಟ್ಟವರಿಗೆ ಜ್ವರವೇ ಬಂದಿರಬೇಕು ಅಂತಿಲ್ಲ."

"ಅಮ್ಮನಿಂದಲಾ?"

"ಹೂಂ. ನಿನ್ನಿಂದ."

ಅವರು ಹೋದ ಮೇಲೆ ಗೋಹಾರ್ ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದಳು. ಆಮೇಲೆ ಬೆಂಚಿನ ಇನ್ನೊಂದು ಕೊನೆಗೆ ಕುಳಿತು ತವರಿಗೆ ಫೋನು ಮಾಡಿದಳು. ಹೆಗಿನೆಯದು ಮೊದಲಿನಿಂದಲೂ ಊರಿಗೆ ಕೇಳಿಸುವ ದನಿ, ಸಿರಾನುಷಳಿಗೂ ಕೇಳಿಸಿತು.

"ಮಗು ಹೇಗಿದ್ದಾಳೇ? ಕುಯ್ದರಾ?"

"ಇಲ್ಲಮ್ಮ. ಮಾರ್ತಿರೋಸ್ ಮಾವ ಹೇಗೆ ಸತ್ತ?"

"ಇದೇನೇ, ಹೊತ್ತಲ್ಲದ ಹೊತ್ತಲ್ಲಿ ನನ್ನ ತಮ್ಮನ ಸುದ್ದಿ? ಕಿಡ್ನಿ ಹೋಗಿ ಸತ್ತ. ನಿನಗೆ ಗೊತ್ತಿಲ್ವಾ?"

"ಅದಕ್ಕೆ ಮುಂಚೆ? ತಿಂಗಳಿಗೆ ಮೂರು ದಿನ ಕದ ಹಾಕ್ಕೊಂಡು ಮಲಗ್ತಿದ್ನಲ್ಲ. ಕುಡಿದಿದ್ದಾನೆ ಅಂತಿದ್ದೆ ನೀನು. ಕುಡೀತಿದ್ನಾ ಅಮ್ಮ?"

ಆ ಕಡೆ ಟೀವಿಯಲ್ಲಿ ಯಾವುದೋ ಧಾರಾವಾಹಿಯ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅವಳ ಅಳು ನಡುವಿನಲ್ಲೇ ಕತ್ತರಿಸಿದಂತೆ ನಿಂತಿತು. ಬಳಿಕ ಫೋನಿನಲ್ಲಿ ಕೇಳಿಸಿದ್ದು ಹೆಗಿನೆಯ ತಗ್ಗಿದ ದನಿ: "ಒಂದು ತೊಟ್ಟೂ ಇಲ್ಲ ಕಣೇ."