ನಾಲ್ಕು ಡಿಗ್ರಿ

ಆಸ್ಪತ್ರೆಯ ಲಸಿಕೆ ಉಗ್ರಾಣ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸಿನ ಮೇಜಿನ ಮೇಲೆ ಕೆಂಪು ರಟ್ಟಿನ ಪುಸ್ತಕವೊಂದು ಇರುತ್ತಿತ್ತು. ದಿನಕ್ಕೆರಡು ಸಲ ಫ್ರಿಜ್ ತೆಗೆದು, ಒಳಗಿನ ಥರ್ಮಾಮೀಟರ್ ನೋಡಿ ಅದರಲ್ಲಿ ಬರೆಯುತ್ತಿದ್ದಳು. ಹದಿನಾರು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಸಿರಲಿಲ್ಲ.

ಆ ಪುಸ್ತಕ ಮುಚ್ಚಿಸಿದವಳು ನಾನು.

ಆಗ ಅದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಪ್ರಯೋಗಾಲಯ, ಔಷಧಿ ಅಂಗಡಿ, ಫ್ರಿಜ್ ಕಂಪನಿ ತಂತಮ್ಮಲ್ಲೇ ಇಟ್ಟುಕೊಂಡಿದ್ದ ಮಾಹಿತಿಯನ್ನು ನಮ್ಮ ಕ್ಲೌಡಿಗೆ ಜೋಡಿಸುವುದು ನನ್ನ ಕೆಲಸ. ಲಸಿಕೆ ಕೆಡದಂತೆ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಾದ ಫ್ರಿಜ್ಜಿನ ಉಷ್ಣತೆ ಪರದೆಯ ಮೇಲೆ ಹಸಿರಾಗಿ ಮೂಡಿದ ದಿನ ಅಕ್ಕನನ್ನು ಕರೆದು ತೋರಿಸಿದೆ.

“ನಿನ್ನ ಪರದೆಗೇ ಜ್ವರ ಬಂದ್ರೆ ನೋಡೋರ್ಯಾರೇ?” ಎಂದಳು.

“ಅದಕ್ಕೆಲ್ಲಿ ಜ್ವರ ಬಿಡಕ್ಕಾ! ಇನ್ನಾದ್ರೂ ಆ ಪುಸ್ತಕಕ್ಕೆ ರಜೆ ಕೊಡು.”

ಜೋಡಣೆಗೆ ಒಂದು ಹೆಸರು, ಪಾಸ್‌ವರ್ಡ್ ಬೇಕು. ಆಸ್ಪತ್ರೆಯ ಹೆಸರಲ್ಲಿ ಮಾಡಿಸಲು ಮೂವರ ಸಹಿ ಆಗಬೇಕಿತ್ತು. ಸದ್ಯಕ್ಕಿರಲಿ ಎಂದು ನನ್ನದನ್ನೇ ಹಾಕಿದೆ. ಬಸುರಿನ ಸುಸ್ತು ಹೆಚ್ಚಾಗಿ ಕೆಲಸ ಬಿಟ್ಟಾಗ ಅದರ ನೆನಪೇ ಆಗಲಿಲ್ಲ.

ಅಮ್ಮನ ಮನೆಯಿಂದ ವಾಪಸಾದ ಮೇಲೆ, ನಿನ್ನೆ, ಮಗಳನ್ನು ಒಂಬತ್ತನೇ ತಿಂಗಳ ಚುಚ್ಚುಮದ್ದಿಗೆ ಅಲ್ಲಿಗೇ ಕರೆದೊಯ್ದೆ. ಉಗ್ರಾಣದಲ್ಲಿ ಹೊಸ ಹುಡುಗಿ.

“ಅಕ್ಕ ಎಲ್ಲಿ?”

“ಅವರನ್ನ ಆಗಲೇ ತೆಗೆದುಹಾಕಿದ್ರಲ್ಲ! ಫ್ರಿಜ್ ಕೆಟ್ಟು ಲಸಿಕೆಯೆಲ್ಲ ಹಾಳಾಯ್ತು. ಇವರು ಥರ್ಮಾಮೀಟರ್ ನೋಡದೆ ಪರದೆ ನಂಬ್ಕೊಂಡು ಕೂತಿದ್ರಂತೆ. ಅದು ಹೋದ ವರ್ಷ ಜೂನ್ ಹದಿನೇಳನೇ ತಾರೀಖಿಂದ ನಾಲ್ಕೇ ಡಿಗ್ರಿ ಅಂತ ನಿಂತುಬಿಟ್ಟಿತ್ತಂತೆ.”

ಆ ಹದಿನೇಳೇ ನಾನು ಕೆಲಸ ಬಿಟ್ಟ ದಿನ. ಆ ಸಂಜೆ ನನ್ನ ಪಾಸ್‌ವರ್ಡ್ ರದ್ದಾಗಿತ್ತು, ಜೋಡಣೆಯೂ ಕಡಿದಿತ್ತು. ಪರದೆ ಮಾತ್ರ ಕೊನೆಗೆ ಬಂದ ಅಂಕಿಯನ್ನೇ ಹಸಿರಾಗಿ ತೋರಿಸುತ್ತ ಕೂತಿತ್ತು.

ಇವತ್ತು ಬೆಳಿಗ್ಗೆ ಮಗಳ ಬಟ್ಟೆ ಒಗೆದು ಹಾಕಿ, ಎಲ್ಲವನ್ನೂ ಬರೆದು ದೊಡ್ಡ ಡಾಕ್ಟರಿಗೆ ಕೊಟ್ಟೆ. ಎರಡು ಸಲ ಓದಿದರು.

“ಅವರ ಕಡತದಲ್ಲಿರೋ ತಪ್ಪು ತಿದ್ದಿಸ್ತೀನಮ್ಮ. ಆದ್ರೆ ಆ ಜಾಗಕ್ಕೆ ಬೇರೆಯವರು ಬಂದಾಯ್ತಲ್ಲ.”

ಅಲ್ಲಿಂದ ನೇರ ಅಕ್ಕನ ಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತೇ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನನಗೇ ಅರಳುಮರಳು ಅಂದ್ಕೊಂಡಿದ್ದೆ ಕಣೇ, ಇಷ್ಟು ದಿನ,” ಎಂದಳು.

ಆಮೇಲೆ ಮಗಳನ್ನು ನನ್ನ ಕಂಕುಳಿಂದ ಎತ್ತಿಕೊಂಡು ಹಣೆ ಮುಟ್ಟಿದಳು. “ಮೈ ಬಿಸಿಯಿದೆ. ಚುಚ್ಚುಮದ್ದು ಹಾಕಿಸಿದ್ಯಾ?” ಒಳಗಿನಿಂದ ಥರ್ಮಾಮೀಟರ್ ತಂದಳು. ಜೊತೆಗೆ ಆ ಕೆಂಪು ಪುಸ್ತಕವನ್ನೂ. ನಾನು ರಜೆ ಕೊಡಿಸಿದ ದಿನಕ್ಕೇ ಬರಹ ನಿಂತಿತ್ತು. ಅದರ ಕೆಳಗೆ ಮಗಳ ಜ್ವರವನ್ನೂ ಗಂಟೆಯನ್ನೂ ಬರೆದು, ಪುಸ್ತಕ ನನ್ನ ಕೈಗಿತ್ತಳು.

“ಸಂಜೆ ನೀನೇ ನೋಡಿ ಬರಿ. ಮರೀಬೇಡ.”