ಜ್ವರದ ಹುಳಕ್ಕೆ ಹಾಕಿದ ಸೊಪ್ಪು

ಕಾಲೇಜಿನಿಂದ ಫೋನು ಬಂದಾಗ ಮುದ್ದೆ ತಿರುವುತ್ತಿದ್ದೆ. “ಚೈತ್ರಾ ತಾಯಿನಾ? ನಾಳೆ ಬನ್ನಿ, ಮಗಳ ವಿಷಯ ಮಾತಾಡ್ಬೇಕು” ಎಂದರು ಅವಳ ಮೇಷ್ಟ್ರು ನರೇಂದ್ರ ಸರ್. ಹಿಟ್ಟು ಗಂಟಾಯಿತು.

ಭಾವ ಮುನಿಯಪ್ಪನವರು ಅವಳನ್ನು ಕನಕಪುರಕ್ಕೆ ಓದಲು ಕಳಿಸಿದ್ದೇ ಒಂದು ಮಾತಿನ ಮೇಲೆ: “ಒಂದು ದೂರು ಬಂದ್ರೂ ಮನೇಲಿರ್ಬೇಕು, ಕಣಮ್ಮ.” ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ದುಡಿಯುವ ನನ್ನ ಗಂಡ ಅಣ್ಣನಿಗೆ ಎದುರಾಡುವವರಲ್ಲ. ಯಾರಿಗೂ ಹೇಳದೆ ಮಗಳನ್ನು ಹಿತ್ತಲಿಗೆ ಕರೆದೆ.

“ಏನ್ ಮಾಡ್ದೆ, ಪುಟ್ಟಿ?”

“ಪ್ರಶ್ನೆ ಕೇಳ್ದೆ, ಅವ್ವ. ಪಾಶ್ಚಾತ್ಯ ತತ್ವಶಾಸ್ತ್ರ ಅಂತ ವರ್ಷವೆಲ್ಲ ಪಾಠ ಮಾಡುದ್ರು, ಒಬ್ಬ ಹೆಂಗಸೂ ಬರ್ಲಿಲ್ಲ. ಯಾಕೆ ಸರ್ ಅಂದೆ. ಅವ್ರೆಲ್ಲ ಅಡುಗೆ ಮಾಡ್ತಿದ್ರು ಅಂದ್ರು. ಕ್ಲಾಸೆಲ್ಲ ನಕ್ತು.”

“ನೀನೂ ನಕ್ಕು ಕೂತ್ಕಳಕ್ಕೇನಾಗಿತ್ತು?”

“ಎಲಿಜಬೆತ್ ಹೆಸರು ಹೇಳ್ದೆ. ನಾನೂರು ವರ್ಷದ ಹಿಂದಿನ ರಾಜಕುಮಾರಿ. ಡೆಕಾರ್ಟ್ ಅಂತ ದೊಡ್ಡ ತತ್ವಜ್ಞಾನಿ, ಮನಸ್ಸು ಬೇರೆ ಮೈ ಬೇರೆ ಅಂತಿದ್ದ. ಹಂಗಾದ್ರೆ ಮನಸ್ಸು ಕೈಕಾಲ್ನ ಹೆಂಗೆ ಆಡಿಸ್ತದೆ ಅಂತ ಇವಳು ಕಾಗದ ಬರೆದು ಕೇಳುದ್ಲು. ಅವ್ನು ತಡವರಿಸ್ದ. ನೀವು ಓದಿಲ್ವಾ ಸರ್ ಅಂದೆ.”

“ಅಯ್ಯೋ! ಆಮೇಲೆ ಅವಳು ಏನಾದ್ಲು?”

“ಅವ್ನು ಸತ್ತ ಮೇಲೆ ಅವಳ ಕಾಗದ ಅಚ್ಚು ಹಾಕ್ಸಕ್ಕೆ ಕೇಳುದ್ರು. ಬ್ಯಾಡ ಅಂದ್ಲು. ಇನ್ನೂರು ವರ್ಷ ಆ ಕಾಗದ ಯಾರ ಕಣ್ಣಿಗೂ ಬೀಳ್ಲಿಲ್ಲ.”

ಆ ರಾಜಕುಮಾರಿಯೂ ನನ್ನಂತೆ ಹೆದರಿದ್ದಳೇನೋ ಎನಿಸಿತು.

ನಮ್ಮ ರೇಷ್ಮೆಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತನ್ನು ನಾವು ಜ್ವರ ಅನ್ನುತ್ತೇವೆ. ತಲೆ ಎತ್ತಿಕೊಂಡು ಸುಮ್ಮನಿರುತ್ತವೆ. ಆಗ ಹಿಪ್ಪುನೇರಳೆ ಸೊಪ್ಪು ಹಾಕಬಾರದು, ಅಲುಗಿಸಬಾರದು. ಸೊಪ್ಪು ಕೊಯ್ಯುವ ಕೆಲಸವಿಲ್ಲದ್ದರಿಂದ ಬೆಳಿಗ್ಗೆ, ಬಟ್ಟೆ ತರಬೇಕೆಂದು ಸುಳ್ಳು ಹೇಳಿ ಚೈತ್ರಾ ಜೊತೆ ಬಸ್ ಹತ್ತಿದೆ. ದಾರಿಯುದ್ದಕ್ಕೂ ಊರಿನವರು ಯಾರಾದರೂ ಹತ್ತುತ್ತಾರೇನೋ ಎಂದು ಸೆರಗು ಹೊದ್ದು ಕೂತಿದ್ದೆ.

ನರೇಂದ್ರ ಸರ್ ಕುರ್ಚಿ ಹಾಕಿಸಿದರು. “ಎಲ್ಲರ ಮುಂದೆ ಓದಿಲ್ವಾ ಅಂದ್ಲಮ್ಮ. ಕ್ಷಮೆ ಕೇಳ್ಲಿ. ಸೆಮಿನಾರಿಗೂ ಅದೇ ವಿಷಯ ತಗೊಂಡಿದ್ದಾಳೆ, ಬಿಡ್ಲಿ. ಇಲ್ಲಾಂದ್ರೆ ಮನೆ ಹಿರಿಯರಿಗೇ ಹೇಳ್ಬೇಕಾಗುತ್ತೆ.”

‘ಆಯ್ತು ಸರ್’ ನಾಲಿಗೆಯ ತುದಿಯಲ್ಲಿತ್ತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನನ್ನ ಫೋನು ಹೊಡೆದುಕೊಂಡಿತು. ಭಾವ!

“ರತ್ನಮ್ಮ, ಜ್ವರದ ಹುಳಕ್ಕೆ ಸೊಪ್ಪು ಹಾಕಿದ್ದೀಯಲ್ಲ! ಈ ಮನೆಗೆ ಬಂದ ಮ್ಯಾಲೆ ಒಂದು ಸಲನೂ ಇಂಗೆ ಮಾಡಿಲ್ಲ ನೀನು. ತಲೆ ಎಲ್ಲೈತೆ? ಏನಾಗೈತೆ, ಹೇಳು.”

ಆಗಲೇ ನೆನಪಾಯಿತು. ಹೊರಡುವ ಗಡಿಬಿಡಿಯಲ್ಲಿ, ಉಳಿದಿದ್ದ ಸೊಪ್ಪನ್ನು ಕೈ ತಾನೇ ಹಾಸಿಬಿಟ್ಟಿತ್ತು. ಮನಸ್ಸಿನ ಭಯ ಕೈಗೆ ಹೇಗೆ ಇಳಿಯಿತೋ, ಆ ರಾಜಕುಮಾರಿಯನ್ನೇ ಕೇಳಬೇಕು.

ಇನ್ನೊಂದು ಸುಳ್ಳು ಬಾಯಿಗೆ ಬಂತು. ನುಂಗಿಕೊಂಡೆ.

“ಭಾವ, ಕಾಲೇಜಲ್ಲಿದೀನಿ. ದೂರು ಬಂದೈತೆ. ಬಟ್ಟೆ ಅಂದಿದ್ದು ಸುಳ್ಳು. ಮಗು ಒಂದು ಪ್ರಶ್ನೆ ಕೇಳೈತೆ, ಪ್ರಶ್ನೆ ತಪ್ಪಲ್ಲ.”

ಭಾವ ಇಷ್ಟೇ ಅಂದರು: “ಸಂಜೆ ಬಾ. ಮಾತಾಡಾನ.”

ಸರ್ ಕಡೆ ತಿರುಗಿದೆ. “ಓದಿಲ್ವಾ ಅಂದಿದ್ದಕ್ಕೆ ಕ್ಷಮೆ ಕೇಳ್ತಾಳೆ ಸರ್. ವಿಷಯ ಬಿಡಲ್ಲ. ಮನೆಗೆ ನಾನೇ ಹೇಳಾಯ್ತು.”

ಅವರು ಕನ್ನಡಕ ಒರೆಸಿಕೊಂಡರು. “ಸೆಮಿನಾರು ಶುಕ್ರವಾರ ಮಾಡ್ಲಿ” ಎಂದರು.

ಸಂಜೆ ಬಸ್ ಇಳಿದಾಗ ದೂರದಿಂದಲೇ ಭಾವ ಕಂಡರು. ಹುಳದ ಮನೆ ಬಾಗಿಲಲ್ಲಿ ನಿಂತಿದ್ದರು. ಹುಳ ಅಲುಗದಂತೆ ಒಂದೊಂದಾಗಿ ಆರಿಸಿ ತೆಗೆದಿದ್ದ ಎಲೆಗಳ ಬುಟ್ಟಿ ಅವರ ಕಾಲ ಬಳಿ ಇತ್ತು. ಮುಖದಲ್ಲಿ ಏನಿದೆಯೋ ತಿಳಿಯಲಿಲ್ಲ. ಚೈತ್ರಾಳ ಕೈ ಹಿಡಿದು ಅವರ ಕಡೆಗೇ ನಡೆದೆ.