ಕೀಲಿ ಒಪ್ಪದ ಕಂಪ್ಯೂಟರ್

ಧನುರ್ಮಾಸದ ಚಳಿ, ಬೆಳಗಿನ ಬಿಸಿಲು ಪ್ರೆಸ್ಸಿನ ಹೊಸ್ತಿಲಿಗೆ ಬರುವ ಹೊತ್ತು. ಗದಗ ಜಿಲ್ಲೆಯಾಗಿ ಆಗ ನಾಲ್ಕೈದು ವರ್ಷ. ಬೆಟಗೇರಿಯ ಚನ್ನಬಸವಣ್ಣನವರ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಸಂಕ್ರಾಂತಿ ಕಳೆದರೆ ಲಗ್ನಪತ್ರಿಕೆಗಳ ಸುಗ್ಗಿ. ಅದಕ್ಕೆಂದು ಅವರು ಹುಬ್ಬಳ್ಳಿಯಿಂದ ಹಳೆಯ ವಿಂಡೋಸಿನ ಕಂಪ್ಯೂಟರೊಂದನ್ನು ತರಿಸಿದ್ದರು. ಅದರ ಪೂಜೆ ಮುಗಿದ ಮೇಲೆ ನಡೆಸಲು ಬಂದವಳು ಗುಲ್ನಾಜ.

ಸೋಮವಾರ ಅವಳು ಕನ್ನಡ ಅಕ್ಷರಗಳ ಸಿ.ಡಿ. ಹಾಕಿದಳು. ಪರದೆಯ ನೀಲಿ ಪಟ್ಟಿ ಅರ್ಧಕ್ಕೆ ತೆವಳಿ ನಿಂತಿತು; ಯಂತ್ರ ಸಿ.ಡಿ.ಯ ಜೊತೆ ಬಂದಿದ್ದ ಕೀಲಿಯ ಫ್ಲಾಪಿ ಕೇಳಿತು. ಹಾಕಿದರೆ, ಈ ಕೀಲಿ ನಡೆಯದು ಎಂಬ ಉತ್ತರ. ಸಿ.ಡಿ.ಯನ್ನು ಓಢಣಿಯಿಂದ ಒರೆಸಿದಳು, ಯಂತ್ರವನ್ನು ಆರಿಸಿ ಹಚ್ಚಿದಳು. ಅದೇ ಉತ್ತರ.

ಚನ್ನಬಸವಣ್ಣ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ಕೀಲಿ ಒಂದೇ ಕಂಪ್ಯೂಟರಿಗೆ, ಬೇರೆ ಕಡೆ ಹಾಕಿದ್ದರೆ ಮುಗಿಯಿತು ಎಂದ ಅಂಗಡಿಯವ. ಅವರು ಫೋನ್ ಇಟ್ಟು ಗುಲ್ನಾಜಳ ಕಡೆ ತಿರುಗಿದರು. ಅವಳ ಅಣ್ಣ ಅಯ್ಯೂಬ ಶಿರಹಟ್ಟಿಯಲ್ಲಿ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿ ತೆರೆದಿದ್ದ.

"ರವಿವಾರ ಶಿರಹಟ್ಟಿಗೆ ಹೋಗಿದ್ದೇನವಾ?"

"ಹೌದ್ರಿ. ಅತ್ತಿಗಿ ಹಡದಾಳ."

"ಶನಿವಾರ ಫ್ಲಾಪಿ ಇಸಗೊಂಡಾಕಿ ನೀನ."

"ಕಪಾಟಿನಾಗ ಇಟ್ಟಾವ್ರು ನೀವರಿ. ಅದರ ಚಾವಿ ನಿಮ್ಮ ಉಡದಾರದಾಗ ಐತಿ."

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಅವರು ನಗಲಿಲ್ಲ. ಎಲ್ಲಿಂದಲೋ ಅಯ್ಯೂಬನ ಅಂಗಡಿಯ ಲಗ್ನಪತ್ರಿಕೆಯೊಂದನ್ನು ತಂದು ನನ್ನ ಮುಂದೆ ಹಿಡಿದರು.

"ಮುದಕಪ್ಪಾ, ಇವು ನಮ್ಮ ಸಿ.ಡಿ. ಅಕ್ಷರ ಹೌದಲ್ಲೋ?"

"ನಮ್ಮವು ಇನ್ನೂ ಹುಟ್ಟೇ ಇಲ್ಲಲ್ರಿ. ಹೆಂಗ ಗುರ್ತು ಹಿಡೀಲಿ?"

ಸಂಜೆ ಅವಳ ಚೀಲ ಬಿಚ್ಚಿಸಿದರು. ಬುತ್ತಿ ಡಬ್ಬಿ, ಬಾಚಣಿಕೆ, ಅರ್ಧ ಹೆಣೆದ ಕೂಸಿನ ಕುಲಾಯಿ. ದಿನಾ ಇದೇ ನಡೆಯಿತು.

"ಕಳ್ಳಿ ಅಂತ ಹೆಸರು ಬಂದ್ರ ಊರಾಗ ನನ್ನ ಯಾರು ಕೆಲಸಕ್ಕ ಇಟ್ಕೋತಾರ್ರಿ ಕಾಕಾ?" ಎಂದು ನನ್ನನ್ನು ಕೇಳಿದಳು.

ಗುರುವಾರ ಅವಳೇ ಹುಬ್ಬಳ್ಳಿಗೆ ಫೋನ್ ಮಾಡಿದಳು. ಅಂಗಡಿಯವ ಹೇಳಿದಂತೆ ಪರದೆಯ ಮೂಲೆಯ ಗಡಿಯಾರದ ಮೇಲೆ ಬಾಣ ಇಟ್ಟಳು. ತಾರೀಖು ಅಕ್ಟೋಬರಿನದು, ಹೊರಗೆ ಜನವರಿ. ಕೀಲಿ ತಯಾರಾದದ್ದು ಡಿಸೆಂಬರಿನಲ್ಲಿ. ಯಂತ್ರದ ಲೆಕ್ಕಕ್ಕೆ ಅದರ ದಿನ ಇನ್ನೂ ಬಂದಿರಲಿಲ್ಲ.

"ತಾರೀಖ ಯಾರು ತಿರುವ್ಯಾರ್ರಿ?"

ಚನ್ನಬಸವಣ್ಣ ಕುತ್ತಿಗೆ ತುರಿಸಿಕೊಂಡರು. "ಶೂನ್ಯಮಾಸದಾಗ ಹೊಸಾ ಮಶೀನ ಸುರು ಮಾಡಬಾರ್ದು. ಅದಕ್ಕ ಮಶೀನ ಕೂಡಿಸಾಕ ಬಂದಿದ್ದ ಹುಬ್ಬಳ್ಳಿ ಹುಡುಗಗ ಹೇಳಿ ಒಳಗಿನ ತಾರೀಖ ಖಂಡೇನವಮಿಗೆ ತಿರುವಿಸಿ ಕಾಯಿ ಒಡದೆ. ಪೂಜಿ ಮುಗದ ಮ್ಯಾಲ ಅದು ತಾನ ಸರಿ ಆಗತೈತಿ ಅನ್ಕೊಂಡಿದ್ದೆ."

ಗುಲ್ನಾಜ ತಾರೀಖು ತಿದ್ದಿದಳು. ನೀಲಿ ಪಟ್ಟಿ ಕೊನೆ ಮುಟ್ಟಿತು. ಪರದೆಯ ಮೇಲೆ ಕನ್ನಡ ಮೂಡಿತು.

"ಆತು ಬಿಡವಾ," ಎಂದರು ಅವರು. "ಇನ್ನ ಕೆಲಸಾ ನೋಡು."

ಸಂಜೆ ಹೊರಟವಳ ಚೀಲದ ಮೇಲೆ ಅವರ ಕಣ್ಣು ನಿಂತೇ ಇತ್ತು.

"ತೋರಿಸ್ಲೇನ್ರಿ?"

"ಬ್ಯಾಡ..." ಎಂದವರು ತಡೆದು, "ಇರ್ಲಿ, ರೂಢಿ ಬಿಡಬಾರ್ದು. ತೋರಿಸು," ಎಂದರು.

ಬಿಚ್ಚಿ ತೋರಿಸಿದಳು. ಮರುದಿನ, ಸಂಕ್ರಾಂತಿಯ ಹಿಂದಿನ ಶುಕ್ರವಾರ, ಗುಲ್ನಾಜ ಕೆಲಸ ಬಿಟ್ಟು ಶಿರಹಟ್ಟಿಯ ಬಸ್ಸು ಹತ್ತಿದಳು.